ಇಮೊಬಿಲೈಜರ್ ಮಾಡ್ಯೂಲನ್ನು ಮನೆಯಲ್ಲೇ ಬದಲಾಯಿಸಬಹುದೇ? ಗುಜರಿಯಲ್ಲಿ ಸಿಕ್ಕದ್ದು ನಡೆಯುತ್ತದೆಯೇ?

ಬಿಳಿಜೋಳ (ವಿಜಯಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಹೆಸರಿನಲ್ಲಿರುವ, ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು ಈ ಬೇಸಿಗೆ ಹಿಡಿದಾಗಿನಿಂದ ಬಿಟ್ಟು ಬಿಟ್ಟು ತೊಂದರೆ ಕೊಡುತ್ತಿದೆ. ಸೆಲ್ಫ್ ಹೊಡೆದರೆ ಮೋಟರು ಜೋರಾಗಿಯೇ ತಿರುಗುತ್ತದೆ, ಇಂಜಿನ್ ಹತ್ತಿಕೊಳ್ಳುತ್ತದೆ, ಆದರೆ ಒಂದೆರಡು ಸೆಕೆಂಡು ಓಡಿ ಯಾರೋ ಕತ್ತು ಹಿಚುಕಿದಂತೆ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಮೀಟರ್ ಬೋರ್ಡಿನಲ್ಲಿ ಕಾರಿನ ಚಿತ್ರದ ಜೊತೆ ಚಾವಿಯ ಗುರುತಿರುವ ದೀಪ ಮಿನುಗತೊಡಗುತ್ತದೆ. ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೊರಟಾಗ ಒಂದು ದಿನವೂ ಕೈಕೊಟ್ಟಿಲ್ಲ. ಗಾಂಧಿ ಚೌಕದ ಹತ್ತಿರ ಬಿಸಿಲಿನಲ್ಲಿ ನಿಲ್ಲಿಸಿ, ಸಂತೆ ಮುಗಿಸಿಕೊಂಡು ಮಧ್ಯಾಹ್ನ ಬಂದು ನೋಡಿದರೆ ಮಾತ್ರ ಈ ಆಟ ಶುರುವಾಗುತ್ತದೆ.

ನಮ್ಮ ಓಣಿಯ ಮೆಕ್ಯಾನಿಕ್ ಒಮ್ಮೆ ಬಂದು ನೋಡಿ, “ಸಾಹೇಬ್ರ, ಮಾಡ್ಯೂಲ್ ಹೋಗೇತ್ರಿ, ಬ್ಯಾರೇದ ಹಾಕಬೇಕ್ರಿ” ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. ಅವರು ಹೇಳಿದ್ದು ಇಮೊಬಿಲೈಜರ್ ಮಾಡ್ಯೂಲನ್ನು, ಅಂದರೆ ಗಾಡಿಯದೇ ಚಾವಿ ಇಲ್ಲದೆ ಇಂಜಿನ್ ಓಡದಂತೆ ತಡೆಯುವ ಡಬ್ಬಿಯನ್ನು. ಶೋರೂಮಿನಲ್ಲಿ ವಿಚಾರಿಸಿದಾಗ ಗಾಡಿಯನ್ನು ಟೋ ಮಾಡಿಸಿಕೊಂಡು ಬನ್ನಿ, ಮಾಡ್ಯೂಲ್, ಇಸಿಎಂ (ಇಂಜಿನ್ನನ್ನು ನಡೆಸುವ ಕಂಪ್ಯೂಟರ್) ಮತ್ತು ಎರಡು ಚಾವಿಗಳನ್ನು ಸೆಟ್ಟಾಗಿ ಬದಲಿಸಬೇಕಾಗಬಹುದು ಎಂದು ಹೇಳಿ ಒಂದು ಅಂದಾಜು ಕೊಟ್ಟರು. ಈ ಗಾಡಿಯನ್ನು ಮಾರಿದರೆ ಬರುವ ಹಣವನ್ನೂ ಆ ಅಂದಾಜನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಒಪ್ಪುವುದಿಲ್ಲ. ಇದೇ ಮಾದರಿಯ, ಮೇಲೆ ಇದೇ ಪಾರ್ಟ್ ನಂಬರ್ ಇರುವ ಹಳೆಯ ಮಾಡ್ಯೂಲೊಂದು ಸೊಲ್ಲಾಪುರದ ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಂದು ತಿಳಿದುಬಂದಿದೆ.

ನನ್ನ ಪ್ರಶ್ನೆ ಇಷ್ಟೇ. ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಹಳೆಯದನ್ನು ತೆಗೆದು ಗುಜರಿಯದನ್ನು ಸಿಕ್ಕಿಸಿದರೆ ಕೆಲಸವಾಗುತ್ತದೆಯೇ? ನನ್ನ ಬಳಿ ಮಲ್ಟಿಮೀಟರ್, ಸೋಲ್ಡರಿಂಗ್ ಕಬ್ಬಿಣ ಮತ್ತು ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇವೆ. ಮನೆಯ ವೈರಿಂಗ್ ಕೆಲಸ ಮಾಡಿದ ಅನುಭವವಿದೆ. ಎರಡನೆಯ ಚಾವಿ ಪುಣೆಯಲ್ಲಿರುವ ತಮ್ಮನ ಹತ್ತಿರ ಇದೆ. ಮಾದರಿಯ ವಿವರ ಬೇಕಾದವರಿಗೆ ಖಾಸಗಿಯಾಗಿ ಕಳುಹಿಸುತ್ತೇನೆ.


ಉದ್ಯಮಬಾಗಿನ ವೈರ್‌ಮನ್ (ಬೆಳಗಾವಿ) ಉತ್ತರಿಸಿದ್ದು:

ಸೊಲ್ಲಾಪುರಕ್ಕೆ ಹೋಗುವುದನ್ನು ಸದ್ಯಕ್ಕೆ ನಿಲ್ಲಿಸಿ. ನೀವು ಬರೆದ ಲಕ್ಷಣಗಳನ್ನು ಓದಿದರೆ ಮಾಡ್ಯೂಲ್ ಕೆಟ್ಟಿದೆ ಎನ್ನುವುದಕ್ಕಿಂತ ಬೇರೆ ಕಡೆ ದೋಷವಿದೆ ಎನ್ನುವುದಕ್ಕೇ ಹೆಚ್ಚು ಕಾರಣಗಳು ಕಾಣುತ್ತವೆ. ಆದರೆ ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಹೆಚ್ಚಿನ ಗಾಡಿಗಳಲ್ಲಿ ಗುಜರಿಯ ಮಾಡ್ಯೂಲನ್ನು ಸುಮ್ಮನೆ ಸಿಕ್ಕಿಸಿದರೆ ಇಂಜಿನ್ ಓಡುವುದಿಲ್ಲ.

ಕಾರಣ ಹೀಗಿದೆ. ಈ ವ್ಯವಸ್ಥೆಯಲ್ಲಿ ಮಾಡ್ಯೂಲ್ ಒಂದೇ ಇಲ್ಲ. ಚಾವಿಯ ತಲೆಯೊಳಗಿನ ಚಿಪ್, ಚಾವಿ ಹಾಕುವ ಲಾಕಿನ ಸುತ್ತ ಉಂಗುರದಂತೆ ಕೂತಿರುವ ಆಂಟೆನಾ ಕಾಯಿಲ್, ಮಾಡ್ಯೂಲ್ ಮತ್ತು ಇಂಜಿನ್ನಿನ ಇಸಿಎಂ, ಈ ನಾಲ್ಕೂ ಸೇರಿ ಒಂದು ಕೆಲಸ ಮಾಡುತ್ತವೆ. ಚಿಪ್ಪಿಗೆ ಬ್ಯಾಟರಿ ಇಲ್ಲ. ಚಾವಿಯಲ್ಲಿರುವ ಗುಂಡಿ ಸೆಲ್ ಬಾಗಿಲು ತೆರೆಯುವ ರಿಮೋಟಿಗಷ್ಟೇ ಬೇಕು, ಅದು ಪೂರ್ತಿ ಸತ್ತಿದ್ದರೂ ಇಂಜಿನ್ ಚಾಲೂ ಆಗಬೇಕು. ಚಾವಿ ತಿರುಗಿಸಿದಾಗ ಕಾಯಿಲ್ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ, ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಎಚ್ಚೆತ್ತು ಉತ್ತರ ಕೊಡುತ್ತದೆ. ತೀರ ಹಳೆಯ ವಿನ್ಯಾಸಗಳಲ್ಲಿ ಚಿಪ್ ತನ್ನ ಸಂಖ್ಯೆಯನ್ನು ಮಾತ್ರ ಹೇಳುತ್ತಿತ್ತು, ನಂತರದವುಗಳಲ್ಲಿ ಮಾಡ್ಯೂಲ್ ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಎಸೆದು, ಗುಟ್ಟಿನ ಲೆಕ್ಕ ಗೊತ್ತಿರುವ ಚಿಪ್ ಮಾತ್ರ ಕೊಡಬಲ್ಲ ಉತ್ತರವನ್ನು ಕೇಳುತ್ತದೆ. ಉತ್ತರ ಸರಿಯಿದ್ದರೆ ಮಾಡ್ಯೂಲ್ ಇಸಿಎಂಗೆ ಒಪ್ಪಿಗೆ ಕಳುಹಿಸುತ್ತದೆ. ಆ ಒಪ್ಪಿಗೆ ಬರದಿದ್ದರೆ ಇಸಿಎಂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ನಿಲ್ಲಿಸುತ್ತದೆ. ನಿಮ್ಮ ಇಂಜಿನ್ ಹತ್ತಿಕೊಂಡು ಎರಡು ಸೆಕೆಂಡಿನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ, ಪೆಟ್ರೋಲ್ ಪಂಪಿನ ದೋಷದಿಂದ ಅಲ್ಲ.

ಮಾಡ್ಯೂಲಿಗೂ ಇಸಿಎಂಗೂ ನಡುವೆ ಕೂಡ ಒಂದು ಗುಟ್ಟಿನ ಸಂಖ್ಯೆ ಹಂಚಿಕೆಯಾಗಿರುತ್ತದೆ. ಗುಜರಿಯ ಮಾಡ್ಯೂಲಿನಲ್ಲಿರುವುದು ಬೇರೆ ಗಾಡಿಯ ಗುಟ್ಟು. ಪಾರ್ಟ್ ನಂಬರ್ ಒಂದೇ ಆಗಿದ್ದರೆ ಪ್ಲಗ್ ಕೂರುತ್ತದೆ, ದೀಪವೂ ಹತ್ತುತ್ತದೆ, ಇಂಜಿನ್ ಮಾತ್ರ ಓಡುವುದಿಲ್ಲ. ಕಂಪನಿಯಿಂದ ಬರುವ ಹೊಸ ಮಾಡ್ಯೂಲ್ ಖಾಲಿಯಾಗಿರುತ್ತದೆ. ಅದನ್ನು ನಿಮ್ಮ ಇಸಿಎಂ ಮತ್ತು ಚಾವಿಗಳ ಜೊತೆ ಹೊಂದಿಸಲು ಆ ಕಂಪನಿಗೆ ತಕ್ಕ ಸ್ಕ್ಯಾನರ್ ಬೇಕು, ಬಹಳಷ್ಟು ಕಂಪನಿಗಳಲ್ಲಿ ಚಾಸಿಸ್ ನಂಬರಿಗೆ ತಕ್ಕ ಪಿನ್ ಸಂಖ್ಯೆಯೂ ಬೇಕು. ಪಿನ್ ಕೊಡುವ ಮೊದಲು ಆರ್‌ಸಿ ಮತ್ತು ಗುರುತಿನ ಚೀಟಿ ಕೇಳುತ್ತಾರೆ, ಕೇಳಲೇಬೇಕು. ತಪ್ಪು ಪಿನ್ ಹಾಕುತ್ತ ಹೋದರೆ ಕೆಲವು ವ್ಯವಸ್ಥೆಗಳು ಗಂಟೆಗಟ್ಟಲೆ ಯಾವ ಪಿನ್ನನ್ನೂ ಒಪ್ಪದೆ ಕೂತುಬಿಡುತ್ತವೆ. ಇದಕ್ಕೆ ಅಪವಾದಗಳೂ ಇವೆ ಎನ್ನುವುದನ್ನು ಹೇಳಬೇಕು: ಕೆಲವು ಗಾಡಿಗಳಲ್ಲಿ ಗುಟ್ಟೆಲ್ಲ ಇಸಿಎಂನೊಳಗೇ ಇದ್ದು, ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿ ಕಾಯಿಲ್ಲಿನ ಮಾತನ್ನು ದಾಟಿಸುವ ಕೆಲಸ ಮಾತ್ರ ಮಾಡುತ್ತದೆ, ಅಂಥಲ್ಲಿ ಡಬ್ಬಿ ಬದಲಿಸಿದರೆ ಸಾಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಗುಂಪಿನ ಅನೇಕ ಮಾದರಿಗಳಲ್ಲಿ ಇಮೊಬಿಲೈಜರ್ ಮೀಟರ್ ಬೋರ್ಡಿನೊಳಗೇ ಇದೆ. ಮಾರುತಿಯವರು ತಮ್ಮದನ್ನು ಐಕ್ಯಾಟ್ಸ್ ಎಂಬ ಹೆಸರಿನಿಂದ ಕರೆಯುತ್ತಾರೆ. ನಿಮ್ಮ ಗಾಡಿ ಯಾವ ಜಾತಿಗೆ ಸೇರಿದ್ದೆಂದು ತಿಳಿಯದೆ ಹಣ ಬಿಚ್ಚಬೇಡಿ.

ಈಗ ನಿಮ್ಮ ದೋಷದ ವಿಚಾರ. ಬೆಳಿಗ್ಗೆ ಸರಿ, ಬಿಸಿಲು ಏರಿದ ಮೇಲೆ ಕೆಡುತ್ತದೆ ಎಂಬ ಮಾತನ್ನು ನೀವು ಬರೆಯದೇ ಹೋಗಿದ್ದರೆ ನಾನು ಬೇರೆ ದಾರಿಯಲ್ಲಿ ಯೋಚಿಸುತ್ತಿದ್ದೆ. ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುವ ಜಾಗಗಳೆಂದರೆ ಸೋಲ್ಡರ್ ಬಿಟ್ಟ ಬೆಸುಗೆ, ಸಡಿಲಾದ ಕನೆಕ್ಟರ್ ಪಿನ್ ಮತ್ತು ಕೂದಲೆಳೆಯಂಥ ತಂತಿ ಸುತ್ತಿದ ಕಾಯಿಲ್. ಮೂರರಲ್ಲಿ ಕಾಯಿಲ್ ನನ್ನ ಮೊದಲ ಅನುಮಾನ, ಏಕೆಂದರೆ ಚಾವಿ ಹಾಕುವಾಗ ತಾಗುವ ಪೆಟ್ಟು, ಗೊಂಚಲಿನ ಭಾರದ ಅಲುಗಾಟ, ಗಾಜಿನಿಂದ ಇಳಿಯುವ ಬಿಸಿಲಿನ ಕಾವು, ಎಲ್ಲವನ್ನೂ ತಿನ್ನುವುದು ಅದೇ. ಅದಕ್ಕೆ ಯಾವ ಗುಟ್ಟೂ ಇಲ್ಲ, ಅದು ಬರೀ ತಂತಿಯ ಸುರುಳಿ, ಆದ್ದರಿಂದ ಅದನ್ನು ಬದಲಿಸಿದರೆ ಹೊಂದಿಸುವ ಗೊಡವೆಯೇ ಇಲ್ಲ.

ನೋಡುವ ಕ್ರಮ ಹೀಗಿರಲಿ. ಮೊದಲು ಚಾವಿಯನ್ನು ಗೊಂಚಲಿನಿಂದ ಬಿಡಿಸಿ ಒಂಟಿಯಾಗಿ ಹಾಕಿ ನೋಡಿ, ಪಕ್ಕದಲ್ಲೇ ಇನ್ನೊಂದು ಚಿಪ್ ಇರುವ ಚಾವಿ ನೇತಾಡುತ್ತಿದ್ದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಗೊಂದಲವಾಗುವುದುಂಟು. ತಮ್ಮನ ಚಾವಿಯನ್ನು ತರಿಸಿಕೊಳ್ಳಿ. ಎರಡೂ ಚಾವಿಗಳಿಗೆ ಒಂದೇ ರೋಗವಿದ್ದರೆ ಚಾವಿ ನಿರಪರಾಧಿ. ಬ್ಯಾಟರಿ ತುಂಬಿದ್ದರೆ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಮಾಡ್ಯೂಲೂ ಇಸಿಎಂ ಕೂಡ ತಬ್ಬಿಬ್ಬಾಗುತ್ತವೆ.

ಆಮೇಲೆ ಒಳ್ಳೆಯ ಸ್ಕ್ಯಾನರಿನಿಂದ ದೋಷದ ಕೋಡ್ ಓದಿಸಿ. ನಿಮ್ಮ ಬ್ಲೂಟೂತ್ ಸಾಧನ ಹೊಗೆಗೆ ಸಂಬಂಧಿಸಿದ ಸಾಮಾನ್ಯ ಕೋಡುಗಳನ್ನು ಮಾತ್ರ ತೋರಿಸಿ ಸುಮ್ಮನಾಗಬಹುದು. ಪಿ0513 ಬಂದರೆ ಮಾಡ್ಯೂಲ್ ಜೀವಂತವಿದ್ದು ಇಸಿಎಂ ಜೊತೆ ಮಾತಾಡುತ್ತಿದೆ, ಚಾವಿಯನ್ನು ಮಾತ್ರ ಗುರುತಿಸುತ್ತಿಲ್ಲ ಎಂದು ತಿಳಿಯಬೇಕು, ಆಗ ಹುಡುಕಾಟ ಚಾವಿ ಮತ್ತು ಕಾಯಿಲ್ಲಿನ ಕಡೆಗೆ ಹೋಗುತ್ತದೆ. ಯು0167 ಬಂದರೆ ಇಸಿಎಂಗೆ ಮಾಡ್ಯೂಲಿನ ದನಿಯೇ ಕೇಳುತ್ತಿಲ್ಲ, ಆಗ ಫ್ಯೂಸ್, ಅರ್ಥ್ ತಂತಿ, ವೈರಿಂಗ್ ನೋಡಿ ಕೊನೆಗೆ ಮಾಡ್ಯೂಲನ್ನು ಸಂಶಯಿಸಬೇಕು. ಕೆಲವು ಕಂಪನಿಗಳು ತಮ್ಮದೇ ಬೇರೆ ಸಂಖ್ಯೆಗಳನ್ನು ಬಳಸುತ್ತವೆ, ಆದರೆ ಕೇಳಬೇಕಾದ ಪ್ರಶ್ನೆ ಇದೇ: ಮಾಡ್ಯೂಲ್ ಮಾತಾಡುತ್ತಿದೆಯೋ ಇಲ್ಲವೋ. ನಿಮ್ಮ ಮೆಕ್ಯಾನಿಕ್ ಇದನ್ನು ನೋಡದೆ ತೀರ್ಮಾನ ಕೊಟ್ಟಿದ್ದಾರೆಂದು ತೋರುತ್ತದೆ.

ಒಂದು ಎಚ್ಚರಿಕೆ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಿರಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಬೇಡಿ, ಅದಕ್ಕೆ ಮಲ್ಟಿಮೀಟರನ್ನಂತೂ ಹಚ್ಚಲೇಬೇಡಿ.


ಘಟಪ್ರಭೆಯ ದಂಡೆ (ಬಾಗಲಕೋಟೆ) ಉತ್ತರಿಸಿದ್ದು:

ವೈರ್‌ಮನ್ ಅವರು ಹೇಳಿದ್ದೆಲ್ಲ ಸರಿಯಿದೆ, ಆದರೆ ಗುಜರಿಯ ದಾರಿಯನ್ನು ಅವರು ಬೇಗನೆ ಮುಚ್ಚಿದರೆಂದು ನನಗೆ ಅನಿಸುತ್ತದೆ. ಇಲ್ಲಿ ನವನಗರದಲ್ಲಿ ನಮ್ಮ ಸೋದರಮಾವನವರ ಕಾರಿಗೆ ಇಂಥದೇ ಪ್ರಸಂಗ ಬಂದಿತ್ತು. ಅವರ ಗಾಡಿಯಲ್ಲಿ ಹೆಗ್ಗಣ ವೈರ್ ಕಡಿದು, ಆಮೇಲೆ ಯಾರೋ ಜಂಪ್ ಕೇಬಲನ್ನು ಉಲ್ಟಾ ಹಾಕಿ, ಮಾಡ್ಯೂಲ್ ನಿಜವಾಗಿಯೂ ಸುಟ್ಟುಹೋಗಿತ್ತು. ನಾವು ಅಪಘಾತವಾಗಿ ಗುಜರಿಗೆ ಬಂದ ಒಂದೇ ಕಾರಿನ ಇಸಿಎಂ, ಮಾಡ್ಯೂಲ್ ಮತ್ತು ಚಾವಿ, ಮೂರನ್ನೂ ಒಟ್ಟಿಗೆ ತಂದೆವು. ಮೂರಕ್ಕೂ ತಮ್ಮ ತಮ್ಮಲ್ಲಿ ಗುರುತು ಇರುವುದರಿಂದ ಯಾವ ಸ್ಕ್ಯಾನರೂ ಬೇಕಾಗಲಿಲ್ಲ, ಪಿನ್ ಕೂಡ ಬೇಕಾಗಲಿಲ್ಲ. ಗುಜರಿಯ ಚಾವಿಯ ಹಲ್ಲು ನಮ್ಮ ಲಾಕಿಗೆ ಹೊಂದುವುದಿಲ್ಲವಾದ್ದರಿಂದ ಅದರ ಚಿಪ್ಪನ್ನು ತೆಗೆದು ನಮ್ಮ ಚಾವಿಯ ತಲೆಯೊಳಗೆ ಕೂರಿಸಿದೆವು. ಗಾಡಿ ಇವತ್ತಿಗೂ ಓಡುತ್ತಿದೆ, ಮುಧೋಳ, ಜಮಖಂಡಿ ಎಂದು ದಿನಾ ತಿರುಗುತ್ತದೆ. ಶೋರೂಮಿನ ಅಂದಾಜಿಗೆ ಹೋಲಿಸಿದರೆ ಖರ್ಚು ಏನೂ ಅಲ್ಲ. ಹೀಗಾಗಿ ಬಿಳಿಜೋಳ ಅವರು ಬರೀ ಮಾಡ್ಯೂಲ್ ಬದಲು ಪೂರ್ತಿ ಸೆಟ್ ಸಿಗುತ್ತದೆಯೇ ಎಂದು ಸೊಲ್ಲಾಪುರದಲ್ಲಿ ಕೇಳಿ ನೋಡುವುದರಲ್ಲಿ ತಪ್ಪೇನಿದೆ?


ಉದ್ಯಮಬಾಗಿನ ವೈರ್‌ಮನ್ (ಬೆಳಗಾವಿ) ಉತ್ತರಿಸಿದ್ದು:

ಘಟಪ್ರಭೆಯವರ ವಿಧಾನ ನಡೆಯುವಂಥದ್ದೇ, ಸುಟ್ಟುಹೋದದ್ದು ಖಾತ್ರಿಯಾದ ಮೇಲೆ ಅದು ಒಳ್ಳೆಯ ದಾರಿಯೂ ಹೌದು. ಕೆಲವು ಷರತ್ತುಗಳನ್ನು ಮಾತ್ರ ಸೇರಿಸುತ್ತೇನೆ.

ಇಸಿಎಂ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಒಂದೇ ಆಗಿರಬೇಕು. ಒಂದೇ ಮಾದರಿಯ ಕಾರಿನಲ್ಲೇ ಹೊಗೆಯ ಮಿತಿಯ ದರ್ಜೆಗಳಾದ ಬಿಎಸ್ 3, ಬಿಎಸ್ 4 ಬೇರೆ, ಎಸಿ ಇರುವುದು ಇಲ್ಲದ್ದು ಬೇರೆ, ಕಂಪನಿಯಿಂದಲೇ ಸಿಎನ್‌ಜಿ ಬಂದಿದ್ದರೆ ಅದರ ತಂತ್ರಾಂಶವೇ ಬೇರೆ. ಹೊಂದದ ಇಸಿಎಂ ಹಾಕಿದರೆ ಇಂಜಿನ್ ಓಡಿದರೂ ಫ್ಯಾನ್ ತಿರುಗದೆ ಕಾವೇರುವುದು, ಐಡಲಿಂಗ್ ಏರುಪೇರಾಗುವುದು ಮುಂತಾದ ಹೊಸ ಕಾಟಗಳು ಶುರುವಾಗುತ್ತವೆ. ಇಮೊಬಿಲೈಜರ್ ಮೀಟರ್ ಬೋರ್ಡಿನಲ್ಲಿರುವ ಗಾಡಿಗಳಲ್ಲಿ ಸೆಟ್ ಎಂದರೆ ಮೀಟರ್ ಬೋರ್ಡೂ ಬಂದಂತೆ, ಅದರ ಜೊತೆ ಬೇರೆ ಗಾಡಿ ಓಡಿದ ಕಿಲೋಮೀಟರೂ ಬರುತ್ತದೆ, ಮುಂದೆ ಮಾರುವಾಗ ಅದಕ್ಕೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ. ಚಾವಿಯ ಚಿಪ್ ಕೆಲವದರಲ್ಲಿ ಕಪ್ಪು ಬೆಣೆಯಂತಿರುತ್ತದೆ, ಕೆಲವದರಲ್ಲಿ ಸಣ್ಣ ಗಾಜಿನ ನಳಿಕೆ. ಗಾಜಿನದನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಅಲ್ಲೇ ಪುಡಿಯಾಗುತ್ತದೆ, ಅಲ್ಲಿಗೆ ತಂದ ಸೆಟ್ಟಿನ ಬೆಲೆ ಸೊನ್ನೆ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಸಿಎಂ, ಮಾಡ್ಯೂಲ್, ಚಾವಿ ಮೂರೂ ಒಟ್ಟಿಗೆ ಅಂಗಡಿಯ ಗಲ್ಲೆಯ ಮೇಲೆ ಸಿಕ್ಕರೆ, ಅವು ಯಾವ ಗಾಡಿಯವು ಎಂದು ಕೇಳಿ. ಗಾಡಿಗಳನ್ನು ಕಾನೂನುಬದ್ಧವಾಗಿ ಗುಜರಿಗೆ ಹಾಕಲು 2021ರಿಂದ ನೋಂದಾಯಿತ ಕೇಂದ್ರಗಳ ನಿಯಮವೇ ಬಂದಿದೆ. ಯಾವ ಚಾಸಿಸ್ಸಿನದು ಎಂದು ಬರೆದ ಬಿಲ್ಲನ್ನು ಕೊಡಲು ಒಪ್ಪದ ಅಂಗಡಿಯಿಂದ ಇಂಥ ಸೆಟ್ ಕೊಳ್ಳುವುದು ಕದ್ದ ಮಾಲನ್ನು ಮನೆಗೆ ತಂದುಕೊಳ್ಳುವ ಹಾಗೆ ಆದೀತು. ಘಟಪ್ರಭೆಯವರು ಹಾಗೆ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ.

ಮೂರನೆಯ ದಾರಿ ಒಂದಿದೆ. ಸುಟ್ಟ ಮಾಡ್ಯೂಲಿನೊಳಗೆ ಹೆಚ್ಚಾಗಿ ಎಂಟು ಕಾಲಿನ ಸಣ್ಣ ಮೆಮರಿ ಚಿಪ್ ಇರುತ್ತದೆ. ಸುಟ್ಟದ್ದು ವಿದ್ಯುತ್ ಪೂರೈಕೆಯ ಭಾಗವಾಗಿದ್ದು ಮೆಮರಿ ಉಳಿದಿದ್ದರೆ, ಅದರಲ್ಲಿರುವ ಮಾಹಿತಿಯನ್ನು ಅದೇ ನಂಬರಿನ ಇನ್ನೊಂದು ಮಾಡ್ಯೂಲಿಗೆ ದಾಟಿಸಿದರೆ ಇಸಿಎಂಗೂ ಚಾವಿಗೂ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಹೀಗೆ ಇಸಿಎಂ ರಿಪೇರಿ ಮಾಡುವವರು ಬೆಳಗಾವಿಯಲ್ಲಿ ಇದ್ದಾರೆ. ಮನೆಯ ಸೋಲ್ಡರಿಂಗ್ ಕಬ್ಬಿಣದಿಂದ ಮೊದಲ ಸಲ ಇದಕ್ಕೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಬೋರ್ಡಿನ ಮೇಲೆ ತೇವ ತಡೆಯುವ ಲೇಪವಿರುತ್ತದೆ, ಅದನ್ನು ಕೆರೆಯುವಾಗಲೇ ತಾಮ್ರದ ಗೆರೆ ಎದ್ದುಬರುತ್ತದೆ.


ಗೋಕಾಕದ ಹುಡುಗ (ಗೋಕಾಕ) ಉತ್ತರಿಸಿದ್ದು:

ಇಷ್ಟೆಲ್ಲ ತಲೆಬಿಸಿ ಯಾಕೆ ಸರ್? ಲ್ಯಾಪ್‌ಟಾಪ್ ಇಟ್ಟುಕೊಂಡು ಇಸಿಎಂನಲ್ಲಿ ಇಮೊಬಿಲೈಜರನ್ನೇ ಬಂದ್ ಮಾಡಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಅದಾದ ಮೇಲೆ ಚಿಪ್ ಬೇಡ, ಕಾಯಿಲ್ ಬೇಡ, ಸಾದಾ ಚಾವಿ ಮಾಡಿಸಿಕೊಂಡು ಓಡಿಸಬಹುದು. ಹಳೆಯ ಗಾಡಿಯನ್ನು ಯಾರು ಕದಿಯುತ್ತಾರೆ?


ಟಿಳಕವಾಡಿ ಸರ್ವೇಯರ್ (ಬೆಳಗಾವಿ) ಉತ್ತರಿಸಿದ್ದು:

ಮೋಟಾರು ವಿಮೆಯ ಕ್ಲೇಮುಗಳನ್ನು ನೋಡುವುದೇ ನನ್ನ ಉದ್ಯೋಗವಾದ್ದರಿಂದ ಗೋಕಾಕದವರ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಹಳೆಯ ಗಾಡಿಗಳನ್ನೇ ಕದಿಯುತ್ತಾರೆ, ಏಕೆಂದರೆ ಅವುಗಳ ಬಿಡಿಭಾಗಕ್ಕೆ ಬೇಡಿಕೆ ಹೆಚ್ಚು, ಕದಿಯುವುದೂ ಸುಲಭ. ಅಮೆರಿಕದಲ್ಲಿ 2011ರಿಂದ 2021ರವರೆಗಿನ ಹ್ಯುಂಡೈ, ಕಿಯಾ ಕಂಪನಿಗಳ ಎಷ್ಟೋ ಅಗ್ಗದ ಮಾದರಿಗಳಿಗೆ ಇಮೊಬಿಲೈಜರ್ ಇರಲಿಲ್ಲ. ಲಾಕಿನ ಕವಚ ಮುರಿದು ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿದರೆ ಗಾಡಿ ಚಾಲೂ ಆಗುತ್ತದೆಂಬ ವಿಡಿಯೋಗಳು ಹರಡಿದ ಮೇಲೆ ಅಲ್ಲಿ ಕಳವು ಎಷ್ಟು ಏರಿತೆಂದರೆ, 2023ರಲ್ಲಿ ಆ ಕಂಪನಿಗಳು ಸುಮಾರು 20 ಕೋಟಿ ಡಾಲರಿನ ರಾಜಿಗೆ ಒಪ್ಪಬೇಕಾಯಿತು. ಇಮೊಬಿಲೈಜರ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗವನ್ನು ಯಾರೂ ಬೇಕೆಂದು ಮಾಡಲಾರರು.

ವಿಮೆಯ ವಿಷಯಕ್ಕೆ ಬಂದರೆ, ಗಾಡಿ ಕಳುವಾದಾಗ ಕಂಪನಿ ಕೇಳುವ ಕಾಗದಗಳ ಜೊತೆ ಎರಡೂ ಮೂಲ ಚಾವಿಗಳನ್ನು ಕೇಳುತ್ತದೆ. ಚಾವಿಯಲ್ಲಿ ಚಿಪ್ ಇಲ್ಲದಿರುವುದು, ಇಸಿಎಂನಲ್ಲಿ ರಕ್ಷಣೆಯನ್ನು ತೆಗೆಸಿರುವುದು ಬೆಳಕಿಗೆ ಬಂದರೆ, ಮಾಲೀಕರು ಗಾಡಿಯ ರಕ್ಷಣೆಗೆ ತಕ್ಕ ಎಚ್ಚರ ವಹಿಸಲಿಲ್ಲ ಎಂಬ ತಕರಾರು ಏಳುತ್ತದೆ, ಆ ತಕರಾರಿಗೆ ನೀವು ಉತ್ತರ ಹುಡುಕಬೇಕಾಗುತ್ತದೆ. ವಾಹನಗಳ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐ ಮಾನ್ಯತೆಯ ಕಳವು-ನಿರೋಧಕ ಸಾಧನವಿದೆಯೆಂದು ಹೇಳಿ ಪ್ರೀಮಿಯಮ್ಮಿನಲ್ಲಿ ಶೇಕಡಾ 2.5ರ, ಗರಿಷ್ಠ 500 ರೂಪಾಯಿಯ ರಿಯಾಯಿತಿ ಪಡೆದವರು ಅದನ್ನು ಬಂದ್ ಮಾಡಿಸಿದರಂತೂ ತಕರಾರು ಇನ್ನೂ ಗಟ್ಟಿಯಾಗುತ್ತದೆ. ಇಸಿಎಂ, ಮಾಡ್ಯೂಲ್ ಬದಲಿಸಿದವರು ಬಿಲ್ಲುಗಳನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ.


ಬಿಳಿಜೋಳ (ವಿಜಯಪುರ) ಉತ್ತರಿಸಿದ್ದು:

ಎಲ್ಲರಿಗೂ ಧನ್ಯವಾದಗಳು. ವೈರ್‌ಮನ್ ಅವರು ಹೇಳಿದ ಕ್ರಮದಲ್ಲೇ ನೋಡುತ್ತ ಹೋದೆ, ಫಲಿತಾಂಶವನ್ನು ವಿವರವಾಗಿ ಬರೆಯುತ್ತೇನೆ.

ಬ್ಯಾಟರಿ ಸರಿಯಾಗಿದೆ, ಸೆಲ್ಫ್ ಹೊಡೆಯುವಾಗಲೂ ಹತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ತಮ್ಮ ಪುಣೆಯಿಂದ ಬರುವವರ ಕೈಯಲ್ಲಿ ಚಾವಿ ಕಳುಹಿಸಿದ. ಆ ಚಾವಿಗೂ ಬೆಳಿಗ್ಗೆ ಗಾಡಿ ಚಾಲೂ ಆಯಿತು, ಮಧ್ಯಾಹ್ನ ಆಗಲಿಲ್ಲ. ಪರಿಚಯದ ಗ್ಯಾರೇಜಿನವರು ದೊಡ್ಡ ಸ್ಕ್ಯಾನರ್ ತಂದು ಹಚ್ಚಿದಾಗ ಬಂದದ್ದು ಪಿ0513, ಯು0167 ಇರಲಿಲ್ಲ. ಅಲ್ಲಿಗೆ ಮಾಡ್ಯೂಲ್ ಮಾತಾಡುತ್ತಿದೆ ಎನ್ನುವುದು ಸ್ಪಷ್ಟವಾಯಿತು.

ನೆಗೆಟಿವ್ ತೆಗೆದಿಟ್ಟು ಸ್ಟೇರಿಂಗ್ ಕೆಳಗಿನ ಕವಚದ ಮೂರು ಸ್ಕ್ರೂಗಳನ್ನು ಬಿಚ್ಚಿದೆ. ಮೇಲಿನ ಅರ್ಧ ಬರೀ ಕ್ಲಿಪ್ಪಿನ ಮೇಲೆ ನಿಂತಿತ್ತು, ಎರಡು ಬದಿಯಿಂದ ಒತ್ತಿದರೆ ಎದ್ದುಬಂತು. ಲಾಕಿನ ಬಾಯಿಯ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಉಂಗುರ, ಅದರಿಂದ ಎರಡು ತೆಳ್ಳಗಿನ ವೈರುಗಳು ಹೊರಟು ಒಂದು ಬಿಳಿ ಕನೆಕ್ಟರಿಗೆ ಸೇರುತ್ತವೆ. ಕನೆಕ್ಟರ್ ಬಿಡಿಸಿ ಮೀಟರ್ ಹಚ್ಚಿದಾಗ ಹದಿನೈದು ಓಮ್ ಆಸುಪಾಸಿನಲ್ಲಿ ಸ್ಥಿರವಾಗಿ ನಿಂತಿತು. ಇಷ್ಟಕ್ಕೆ ಬಿಟ್ಟಿದ್ದರೆ ಕಾಯಿಲ್ ಚೆನ್ನಾಗಿದೆ ಎಂದು ಮುಚ್ಚಿಡುತ್ತಿದ್ದೆವು. ಮೀಟರಿನ ಕಡ್ಡಿಗಳನ್ನು ಹಾಗೇ ಇಟ್ಟು, ಮನೆಯವರ ಹೇರ್ ಡ್ರೈಯರಿನಿಂದ ಉಂಗುರಕ್ಕೆ ಮೆಲ್ಲಗೆ ಬಿಸಿಗಾಳಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಂಕಿ ಜಿಗಿಯತೊಡಗಿತು, ಇಪ್ಪತ್ತು, ಇನ್ನೂರು, ಮತ್ತೆ ಹದಿನೈದು, ಆಮೇಲೆ ಪರದೆಯ ಮೇಲೆ ಓಎಲ್ ಎಂದು, ಅಂದರೆ ಸಂಪರ್ಕವೇ ಕಡಿದಿದೆ ಎಂದು ಬಂದು ನಿಂತಿತು. ಡ್ರೈಯರ್ ಬಂದ್ ಮಾಡಿ ಉಂಗುರ ಆರಿದ ಮೇಲೆ ತಾನಾಗಿಯೇ ಹದಿನೈದಕ್ಕೆ ಮರಳಿತು.

ಉಂಗುರವನ್ನು ಹೊರತೆಗೆದು ಭೂತಕನ್ನಡಿಯಲ್ಲಿ ನೋಡಿದಾಗ, ಸುರುಳಿಯ ತಂತಿ ಪಿನ್ನಿಗೆ ಸೇರುವ ಬೆಸುಗೆಯ ಸುತ್ತ ಬಳೆಯ ಆಕಾರದ ಬಿರುಕು ಕಂಡಿತು. ಅದನ್ನೇ ಮತ್ತೆ ಬೆಸೆಯಬಹುದೇನೋ ಎಂದು ನೋಡಿದೆ, ಆದರೆ ತಂತಿಯ ಅರ್ಧ ಭಾಗ ಗಟ್ಟಿಯಾದ ಎಪಾಕ್ಸಿಯೊಳಗೆ ಹೂತಿದೆ, ಅದನ್ನು ಕೆತ್ತುತ್ತ ಕೂತರೆ ಉಳಿದ ಸುತ್ತುಗಳೂ ಹೋದಾವು. ಹೊಸ ಕಾಯಿಲ್ ಬಿಡಿಯಾಗಿ ಸಿಗುತ್ತದೆಂದು ಬಿಡಿಭಾಗದ ಅಂಗಡಿಯಲ್ಲಿ ಗೊತ್ತಾಯಿತು, ಹೇಳಿ ತರಿಸಿದೆ. ಶೋರೂಮಿನ ಅಂದಾಜಿನ ಮುಂದೆ ಅದರ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ಕೂರಿಸಲು ಒಂದು ಸಣ್ಣ ಸ್ಕ್ರೂ ಮತ್ತು ಕನೆಕ್ಟರ್, ಇಷ್ಟೇ ಕೆಲಸ. ಈಗ ಗೋಳಗುಮ್ಮಟದ ಎದುರು ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೂ ಮೊದಲ ಸೆಲ್ಫಿಗೇ ಚಾಲೂ ಆಗುತ್ತಿದೆ.

ಇಸಿಎಂನಲ್ಲಿ ಉಳಿದಿರುವ ಕೋಡನ್ನು ಅಳಿಸಲೇಬೇಕೇ? ಮತ್ತೆ, ಎರಡು ಚಾವಿಗಳೂ ಕೈಯಲ್ಲಿರುವಾಗ ಇನ್ನೇನಾದರೂ ಮಾಡಿಸಿಕೊಳ್ಳುವುದು ಒಳ್ಳೆಯದೇ?


ಉದ್ಯಮಬಾಗಿನ ವೈರ್‌ಮನ್ (ಬೆಳಗಾವಿ) ಉತ್ತರಿಸಿದ್ದು:

ಬಿಸಿಗಾಳಿ ಬಿಟ್ಟು ಅಳೆದದ್ದು ಬಹಳ ಒಳ್ಳೆಯ ಕೆಲಸ. ತಣ್ಣಗಿರುವಾಗ ಅಳೆದು ಕಾಯಿಲ್ ಸರಿಯಿದೆ ಎಂದು ಬರೆದುಕೊಟ್ಟು, ಆಮೇಲೆ ಮಾಡ್ಯೂಲ್ ಬದಲಿಸಿದರೂ ಗಾಡಿ ನಿಂತದ್ದನ್ನು ಕಂಡಿದ್ದೇನೆ.

ಕೋಡ್ ಇದ್ದರೂ ಗಾಡಿ ಓಡುತ್ತದೆ, ಆದರೆ ಅಳಿಸಿಬಿಡಿ. ಮುಂದೆ ಎಂದಾದರೂ ಅದೇ ಕೋಡ್ ಬಂದರೆ ಅದು ಹೊಸದೆಂದು ಖಚಿತವಾಗಿ ತಿಳಿಯುತ್ತದೆ.

ಚಾವಿಯ ವಿಚಾರದಲ್ಲಿ, ಗಾಡಿ ಹೊಸದಾಗಿ ಬಂದಾಗ ಚಾವಿಯ ಜೊತೆ ಸಂಖ್ಯೆ ಬರೆದ ಸಣ್ಣ ಬಿಲ್ಲೆಯನ್ನೋ ಚೀಟಿಯನ್ನೋ ಕೊಟ್ಟಿರುತ್ತಾರೆ, ತಂದೆಯವರ ಕಾಗದಪತ್ರಗಳಲ್ಲಿ ಹುಡುಕಿ ಬೇರೆ ಕಡೆ ಜೋಪಾನವಾಗಿಡಿ, ಗಾಡಿಯಲ್ಲಿ ಇಡಬೇಡಿ. ಮೂರನೆಯ ಚಾವಿ ಬೇಕಿದ್ದರೆ ಈಗಲೇ ಮಾಡಿಸಿಕೊಳ್ಳಿ. ಓಡುವ ಚಾವಿ ಇರುವಾಗ ಇನ್ನೊಂದನ್ನು ಸೇರಿಸುವುದಕ್ಕೂ ಎಲ್ಲ ಚಾವಿಗಳನ್ನೂ ಕಳೆದುಕೊಂಡ ಮೇಲೆ ಹೊಸದನ್ನು ಮಾಡಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಚಾವಿ ಸೇರಿಸಲು ಹೋಗುವಾಗ ತಮ್ಮನ ಚಾವಿಯೂ ಜೊತೆಗಿರಲಿ, ಏಕೆಂದರೆ ಅನೇಕ ವ್ಯವಸ್ಥೆಗಳು ಹಳೆಯ ಪಟ್ಟಿಯನ್ನು ಅಳಿಸಿ ಆ ಹೊತ್ತಿಗೆ ತೋರಿಸಿದ ಚಾವಿಗಳನ್ನು ಮಾತ್ರ ಬರೆದುಕೊಳ್ಳುತ್ತವೆ. ಪುಣೆಯಲ್ಲಿ ಉಳಿದ ಚಾವಿ ಬಾಗಿಲು ತೆರೆಯಲು ಮಾತ್ರ ಬಂದೀತು. ಬರೆಯುವ ಹೊತ್ತಿಗೆ ಬ್ಯಾಟರಿಗೆ ಚಾರ್ಜರ್ ಹಚ್ಚಿರಲು ಹೇಳಿ, ನಡುವೆ ವೋಲ್ಟೇಜ್ ಕುಸಿದರೆ ಇಸಿಎಂ ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತದೆ.


ಗೋಕಾಕದ ಹುಡುಗ (ಗೋಕಾಕ) ಉತ್ತರಿಸಿದ್ದು:

ಸರ್ವೇಯರ್ ಸರ್ ಹೇಳಿದ ಮೇಲೆ ಬಂದ್ ಮಾಡಿಸುವ ಮಾತನ್ನು ಬಿಟ್ಟೆ. ನಮ್ಮ ಕಾಕಾ ಅವರ ಗಾಡಿ ಗುಂಡಿ ಒತ್ತಿ ಚಾಲೂ ಮಾಡುವಂಥದ್ದು, ಅದರಲ್ಲಿ ಚಾವಿ ಹಾಕುವ ಲಾಕೇ ಇಲ್ಲ. ಅಲ್ಲಿ ಕಾಯಿಲ್ ಎಲ್ಲಿರುತ್ತದೆ? ಒಮ್ಮೊಮ್ಮೆ ಚಾವಿ ಸಿಗುತ್ತಿಲ್ಲ ಎಂದು ಮೀಟರ್ ಬೋರ್ಡಿನಲ್ಲಿ ತೋರಿಸುತ್ತದೆ.


ಉದ್ಯಮಬಾಗಿನ ವೈರ್‌ಮನ್ (ಬೆಳಗಾವಿ) ಉತ್ತರಿಸಿದ್ದು:

ಅಂಥ ಗಾಡಿಗಳಲ್ಲಿ ದಿನನಿತ್ಯದ ಗುರುತು ಹಿಡಿಯುವುದು ಕ್ಯಾಬಿನ್ನಿನೊಳಗೆ ಅಲ್ಲಲ್ಲಿ ಇರುವ ಆಂಟೆನಾಗಳಿಂದ, ಅದಕ್ಕೆ ಚಾವಿಯ ಸೆಲ್ ಬೇಕು. ಮೊದಲು ಆ ಸೆಲ್ಲನ್ನೇ ಬದಲಿಸಿ, ಮೇಲೆ ಬರೆದಿರುವ ನಂಬರಿನದನ್ನೇ ಹಾಕಿ. ಸಿಆರ್2032 ಜಾಗದಲ್ಲಿ ತೆಳುವಾದ ಸಿಆರ್2016 ಹಾಕಿದರೆ ಸಂಪರ್ಕ ಸಡಿಲಾಗಿ ಇದೇ ಸಂದೇಶ ಬರುತ್ತದೆ. ಸೆಲ್ ಪೂರ್ತಿ ಸತ್ತಾಗಲೂ ಗಾಡಿ ಚಾಲೂ ಆಗಲೆಂದು ಬ್ಯಾಟರಿ ಬೇಡದ ಚಿಪ್ ಅದರಲ್ಲೂ ಇರುತ್ತದೆ, ಅದನ್ನು ಓದುವ ಕಾಯಿಲ್ ಕೆಲವು ಮಾದರಿಗಳಲ್ಲಿ ಸ್ಟಾರ್ಟ್ ಗುಂಡಿಯ ಹಿಂದೆ, ಕೆಲವದರಲ್ಲಿ ಗೇರಿನ ಹತ್ತಿರದ ಗೂಡಿನಲ್ಲಿ ಇರುತ್ತದೆ, ಮಾಲೀಕರ ಕೈಪಿಡಿಯಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ಬ್ರೇಕ್ ತುಳಿದು, ಚಾವಿಯನ್ನು ಆ ಜಾಗಕ್ಕೆ ತಾಗಿಸಿ ಹಿಡಿದು ಗುಂಡಿ ಒತ್ತಿ ನೋಡಿ. ಹಾಗೆ ಮಾಡಿದಾಗ ಪ್ರತಿಸಲವೂ ಚಾಲೂ ಆಗುತ್ತಿದ್ದರೆ ಇಮೊಬಿಲೈಜರ್ ಚೆನ್ನಾಗಿದೆ ಎಂದರ್ಥ, ದೋಷವನ್ನು ಚಾವಿಯ ಸೆಲ್ಲಿನಲ್ಲೋ ಕ್ಯಾಬಿನ್ನಿನ ಆಂಟೆನಾದಲ್ಲೋ ಹುಡುಕಬೇಕು. ಮೊಬೈಲಿನ ವೈರ್‌ಲೆಸ್ ಚಾರ್ಜರ್ ಮೇಲೋ ಅದರ ಪಕ್ಕದಲ್ಲೋ ಕಾಕಾ ಅವರು ಚಾವಿ ಇಡುತ್ತಾರೆಯೇ ಎಂದೂ ಕೇಳಿ, ಅದರಿಂದಲೂ ಚಾವಿಯ ಗುರುತು ತಪ್ಪುವುದುಂಟು.